ನಂತರದ ಸೊನ್ನೆ

ಪಾಂಡವಪುರ
16-6-1996, ಭಾನುವಾರ

ಪ್ರೀತಿಯ ನಾಗು,

ಹೇಗಿದ್ದೀಯ? ಕೆಮ್ಮು ಪೂರ್ತಿ ಹೋಯಿತಾ? ಸಂಕ್ರಾಂತಿಗೆ ಬಂದಾಗ ಕಟ್ಟಿಕೊಟ್ಟ ಹಿಪ್ಪಲಿ ಪುಡಿ ಇಷ್ಟು ಹೊತ್ತಿಗೆ ಮುಗಿದಿರಬೇಕು, ಇಲ್ಲವೇ ಡಬ್ಬಿಯ ಮುಚ್ಚಳ ತೆಗೆಯದೆ ಹಾಗೇ ಇಟ್ಟಿರಬೇಕು. ನಿನ್ನನ್ನು ಬಲ್ಲ ನನಗೆ ಎರಡನೆಯದೇ ನಿಜವೆನ್ನಿಸುತ್ತದೆ. ಹೊತ್ತಿಗೆ ಸರಿಯಾಗಿ ಊಟ ಮಾಡು. ಮೆಸ್ಸಿನಲ್ಲಿ ಎಲ್ಲರ ಎದುರು ಕೂತು ತಿನ್ನಲು ಮನಸ್ಸಾಗದಿದ್ದರೆ ಕೋಣೆಗೆ ತರಿಸಿಕೊಂಡಾದರೂ ತಿನ್ನು. ಏಳು ವಾರದಿಂದ ನಿನ್ನ ಕಾಗದವಿಲ್ಲ. ನಾನು ಬರೆದ ಎರಡು ಕಾಗದಗಳು ತಲುಪಿದವೋ ಇಲ್ಲವೋ ಗೊತ್ತಿಲ್ಲ. ತಲುಪಿದ್ದರೂ ಅವುಗಳಲ್ಲಿ ಕ್ಷೇಮ ಸಮಾಚಾರ ಬಿಟ್ಟು ಏನೂ ಇರಲಿಲ್ಲ. ಬರೆಯಬೇಕಾದದ್ದನ್ನು ಬರೆಯಲು ಕೈ ಬರಲಿಲ್ಲ. ನಿನ್ನ ವಿಳಾಸದಲ್ಲಿ ಒಂದು ಊರಿನ ಹೆಸರಾದರೂ ಇದ್ದಿದ್ದರೆ ರೈಲು ಹತ್ತಿ ಬಂದುಬಿಡುತ್ತಿದ್ದೆ. ಬರೀ ಅಂಕಿಗಳಿರುವ ಸೇನೆಯ ವಿಳಾಸಕ್ಕೆ ಪಾಂಡವಪುರದ ಸ್ಟೇಷನ್ನಿನಲ್ಲಿ ಟಿಕೆಟ್ ಕೊಡುವುದಿಲ್ಲ.

ಅಪ್ಪ ಆರೋಗ್ಯವಾಗಿದ್ದಾರೆ. ಮೇ ಮೊದಲ ವಾರ ಆದಿಚುಂಚನಗಿರಿ ಆಸ್ಪತ್ರೆಯಲ್ಲಿ ಬಲಗಣ್ಣಿನ ಪೊರೆ ತೆಗೆಸಿದೆ. ಹೋಗುವಾಗ ಬಸ್ಸಿನಲ್ಲಿ ಒಂದೂ ಮಾತಿಲ್ಲ. ಬರುವಾಗ, ಕಣ್ಣಿಗೆ ಬಟ್ಟೆ ಕಟ್ಟಿಸಿಕೊಂಡು, ನಾಗಮಂಗಲದಿಂದ ಇಲ್ಲಿಯವರೆಗೂ ಪಕ್ಕದವರಿಗೆ ನಿನ್ನ ವಿಷಯ ಹೇಳಿದ್ದೇ ಹೇಳಿದ್ದು. ನಮ್ಮ ಹೈದ ವಿಮಾನಕ್ಕೆ ಮಿಣಿ ಹಗ್ಗ ಕಟ್ಟಿ ಅದರ ಎಳೆತ ಅಳೆಯುತ್ತಾನೆ ಅಂದರೆ ಆ ಮನುಷ್ಯ ಹೂಂ ಹೂಂ ಅನ್ನುತ್ತ ನನ್ನ ಮುಖ ನೋಡಿದ, ಮುದುಕನಿಗೆ ತಲೆ ಸರಿಯಿದೆಯೋ ಇಲ್ಲವೋ ಎಂಬಂತೆ. ಈಗ ಬಟ್ಟೆ ಬಿಚ್ಚಿದ್ದಾರೆ. ದಪ್ಪ ಕನ್ನಡಕ ಹಾಕಿಕೊಂಡು ಜಗಲಿಯ ಮೇಲೆ ಕೂತು ಕತ್ತಾಳೆ ನಾರಿನಲ್ಲಿ ಹಗ್ಗ ಹೊಸೆಯುತ್ತಾರೆ. ನಮಗೆ ಈಗ ಹಗ್ಗ ಬೇಕಾದ ದನವಿಲ್ಲ ಅಂದರೆ ಕೇಳುವುದಿಲ್ಲ. ಕಾಲೇಜಿನಲ್ಲಿ ಅಡ್ಮಿಷನ್ ಶುರುವಾಗಿದೆ. ಮಳೆ ಒಂದೆರಡು ಹದ ಬಂದು ನಿಂತಿದೆ, ನಾಲೆಗೆ ಇನ್ನೂ ನೀರು ಬಿಟ್ಟಿಲ್ಲ. ಚಿಕ್ಕಪ್ಪನ ಮಗ ಪುಟ್ಟಸ್ವಾಮಿಗೆ ಅವನಪ್ಪನ ಹಾಗೇ ಕೂದಲು ಉದುರುತ್ತಿದೆ. ಅವನ ಆಲೆಮನೆಯ ಕುಳ್ಳಮ್ಮ ಸಿಕ್ಕಿದಾಗಲೆಲ್ಲ ನಿನ್ನನ್ನು ಕೇಳುತ್ತಾಳೆ.

ನೋಡು, ಸುತ್ತಿ ಬಳಸಿ ಆಲೆಮನೆಗೇ ಬಂದೆ. ಈ ಕಾಗದವನ್ನು ಅಲ್ಲಿಂದಲೇ ಶುರು ಮಾಡಬೇಕಿತ್ತು.

ಸಂಕ್ರಾಂತಿಯ ಮಾರನೆಯ ದಿನ ಪುಟ್ಟಸ್ವಾಮಿಯ ಆಲೆಮನೆ ಮುಂದೆ ನೀನು ಕಬ್ಬಿನ ತುಂಡಿನಿಂದ ನೆಲದ ಮೇಲೆ ವಿಮಾನ ಬರೆದು ಅಪ್ಪನಿಗೆ ನಿನ್ನ ಕೆಲಸ ವಿವರಿಸಿದೆಯಲ್ಲ, ಆ ಬೆಳಗು ನನ್ನ ಕಣ್ಣೆದುರಿನಿಂದ ಹೋಗುವುದಿಲ್ಲ. ಸೈನಿಕರನ್ನೂ ಅಕ್ಕಿ ಮೂಟೆಗಳನ್ನೂ ಹೊತ್ತು ಬೆಟ್ಟದ ಮೇಲಿನ ನಿಲ್ದಾಣಗಳಿಗೆ ಹೋಗುವ ದಪ್ಪ ಹೊಟ್ಟೆಯ ವಿಮಾನ. ಎರಡು ಎಂಜಿನ್ನು, ಎರಡರ ಮೂತಿಯಲ್ಲೂ ಆಳೆತ್ತರ ಮೀರಿದ ಫ್ಯಾನು. ಎಂಜಿನ್ನು ಹಳೆಯದಾದಂತೆ ಅದರ ಬಲ ಕುಗ್ಗುತ್ತದೆ, ಎತ್ತರದ ಊರಿನ ತೆಳು ಗಾಳಿಯಲ್ಲಿ ಇನ್ನೂ ಕುಗ್ಗುತ್ತದೆ, ಬಿಸಿಲೇರಿದರೆ ಮತ್ತೂ ಕುಗ್ಗುತ್ತದೆ. ಹಾಗಾಗಿ ವಿಮಾನದ ಕಾಲುಗಳಿಗೆ ಹಿಂದಿನಿಂದ ಸರಪಳಿ ಹಾಕಿ, ಕಾಂಕ್ರೀಟಿನಲ್ಲಿ ಹೂತ ಕಬ್ಬಿಣದ ಬಳೆಗೆ ಬಿಗಿದು, ನಡುವೆ ಅಳತೆಯ ಯಂತ್ರವಿಟ್ಟು ಎಂಜಿನ್ನು ಪೂರ್ತಿ ಓಡಿಸುತ್ತೀರಿ. ಅದು ಎಷ್ಟು ಜಗ್ಗಿತು ಎಂಬುದರ ಮೇಲೆ, ಎಷ್ಟು ಭಾರ ಹೇರಿ ಎಷ್ಟು ದೂರ ಓಡಿದರೆ ನೆಲ ಬಿಡುತ್ತದೆ ಎಂದು ಪೈಲಟ್‌ಗಳಿಗೆ ಪಟ್ಟಿ ಮಾಡಿಕೊಡುತ್ತೀರಿ. ಇಷ್ಟನ್ನೂ ಅಪ್ಪ ಬಾಯಿ ಬಿಟ್ಟುಕೊಂಡು ಕೇಳಿ, ಕೊನೆಗೆ ಒಂದೇ ಪ್ರಶ್ನೆ ಕೇಳಿದರು. "ಚಕ್ರಕ್ಕೆ ಬ್ರೇಕ್ ಇರ್ತದಲ್ಲ, ಅದುನ್ನ ಏನ್ಲಾ ಮಾಡ್ತೀರಿ?" ನೀನು ತೊಡೆ ತಟ್ಟಿ ನಕ್ಕೆ. "ನಮ್ಮ ಟ್ರೈನಿಂಗಲ್ಲಿ ಈ ಪ್ರಶ್ನೆ ಕೇಳೋದಕ್ಕೆ ಹುಡುಗರಿಗೆ ಒಂದು ತಿಂಗಳು ಬೇಕಾಗ್ತದೆ ಅಪ್ಪ" ಅಂದೆ. ಬ್ರೇಕು ಬಿಟ್ಟುಬಿಡುತ್ತೇವೆ, ಎಳೆತವೆಲ್ಲ ಸರಪಳಿಯ ಮೇಲೇ ಬೀಳಬೇಕು ಅಂದೆ.

ಆಮೇಲೆ ನಿನಗೆ ಹುಚ್ಚು ಹತ್ತಿತು. ಬೆಲ್ಲ ತೂಗುವ ಸ್ಪ್ರಿಂಗ್ ತಕ್ಕಡಿ ತಂದು, ಒಂದು ಕೊಕ್ಕೆ ಬೇವಿನ ಮರಕ್ಕೆ, ಇನ್ನೊಂದು ಕೊಕ್ಕೆ ಪುಟ್ಟಸ್ವಾಮಿಯ ಬಿಳಿ ಎತ್ತಿನ ಮಿಣಿಗೆ ಸಿಕ್ಕಿಸಿದೆ. ಎತ್ತು ನಿನ್ನ ಕಡೆ ತಿರುಗಿ ನೋಡಿ ಮೆಲುಕು ಹಾಕುತ್ತ ನಿಂತಿತು. ಒಲೆಗೆ ಕಬ್ಬಿನ ಸಿಪ್ಪೆ ತುಂಬುತ್ತಿದ್ದ ಕುಳ್ಳಮ್ಮ ಸೊಂಟಕ್ಕೆ ಕೈಯಿಟ್ಟು, "ಏನ್ ನಾಗಣ್ಣ, ವಿಮಾನ ಸಾಕಾಯ್ತು ಅಂತ ಎತ್ತಿಗ್ ಬಂದ್ಬುಟ್ರಾ? ಅದು ನಿಮ್ ಸರ್ಕಾರದ್ದಲ್ಲ, ಕೂಗಿದ್ರೆ ಓಡಕಿಲ್ಲ" ಅಂದಳು. ಪುಟ್ಟಸ್ವಾಮಿ ಹಸಿರು ಸೋಗೆ ತೋರಿಸಿದ ಮೇಲೆ ಎತ್ತು ಒಮ್ಮೆ ಜಗ್ಗಿತು. ಮುಳ್ಳು ತೊಂಬತ್ತು ದಾಟಿ ನಡುಗಿತು. ನೀನು ಚಿಕ್ಕ ಮಗುವಿನ ಹಾಗೆ ಕೂಗಿದೆ. ಎತ್ತನ್ನು ಬಿಚ್ಚಿದ ಮೇಲೆ ಎಲ್ಲರೂ ನಗುತ್ತಿದ್ದಾಗ ತಕ್ಕಡಿಯ ಕಡೆ ನೋಡಿದವರು ಅಪ್ಪ ಒಬ್ಬರೇ. ಮುಳ್ಳು ನಾಲ್ಕರ ಹತ್ತಿರ ನಿಂತುಬಿಟ್ಟಿತ್ತು. ಉಗುರಿನಿಂದ ಗಾಜು ತಟ್ಟಿದರೂ ಕೆಳಗಿಳಿಯಲಿಲ್ಲ. "ಇದುನ್ನ ನಂಬ್ಬ್ಯಾಡ ಕಣ್ಲಾ. ತೂಗೋಕ್ ಮೊದ್ಲು ಯಾವನ್ ಬೇಕಾರು ನೋಡ್ತಾನೆ. ಆಮ್ಯಾಲೆ ಸೊನ್ನೆಗೆ ಬಂತಾ ನೋಡ್ಬೇಕು" ಅಂದರು. ನೀನು, ನಮ್ಮಲ್ಲೂ ಅದೇ ನಿಯಮ ಅಪ್ಪ, ಹಾಳೆಯಲ್ಲಿ ಎರಡು ಕಾಲಂ ಇರುತ್ತದೆ, ಮೊದಲಿನ ಸೊನ್ನೆ, ನಂತರದ ಸೊನ್ನೆ ಅಂದೆ. ಕನ್ನಡ ಓದಿದವಳಾದ ನನಗೆ ಆ ಎರಡು ಪದ ಎಷ್ಟು ಇಷ್ಟವಾದವೆಂದರೆ ಮನೆಗೆ ಬಂದು ಪುಸ್ತಕದ ಹಿಂದೆ ಬರೆದಿಟ್ಟುಕೊಂಡೆ. ಸೊನ್ನೆಯಲ್ಲಿ ಮೊದಲಿನದು, ನಂತರದ್ದು ಅಂತ ಎರಡು ಬಗೆ ಇರಬಹುದೆಂದು ನಾನು ಓದಿದ ಯಾವ ಕವಿತೆಯಿಂದಲೂ ನನಗೆ ಹೊಳೆದಿರಲಿಲ್ಲ.

ನಿನ್ನ ಏಪ್ರಿಲ್ ತಿಂಗಳ ಆ ಅರ್ಧ ಪುಟದ ಕಾಗದ ನನ್ನ ಬೀರುವಿನಲ್ಲಿ ಸೀರೆಗಳ ಕೆಳಗಿದೆ. ದಿನಕ್ಕೊಮ್ಮೆ ತೆಗೆದು ಓದುತ್ತೇನೆ. ಅದು ಬರುವುದಕ್ಕೆ ಒಂದು ವಾರ ಮೊದಲು ಪತ್ರಿಕೆಯ ಒಳಪುಟದಲ್ಲಿ ನಾಲ್ಕು ಸಾಲಿನ ಸುದ್ದಿ ಓದಿದ್ದೆ. ಬೆಟ್ಟದ ಮೇಲಿನ ನಿಲ್ದಾಣವೊಂದರಲ್ಲಿ ಮಧ್ಯಾಹ್ನದ ಹೊತ್ತು ಸೇನೆಯ ಸಾಗಣೆ ವಿಮಾನ ಮೇಲೇಳಲಾರದೆ ಓಡುದಾರಿ ದಾಟಿ ಕಲ್ಲುಗಳಿಗೆ ಬಡಿಯಿತು, ಮೂವರಿಗೆ ಗಾಯ, ಪೈಲಟ್ ಸ್ಥಿತಿ ಗಂಭೀರ ಎಂದು. ನಮ್ಮ ನಾಗು ಹಾರುವವನಲ್ಲವಲ್ಲ ಎಂದು ನಿಟ್ಟುಸಿರು ಬಿಟ್ಟು ಪುಟ ತಿರುಗಿಸಿದ್ದೆ. ನೋಡು ನನ್ನ ಬುದ್ಧಿ. ನೀನು ಬರೆದ ಮೇಲೆ ತಿಳಿಯಿತು, ಆ ವಿಮಾನಕ್ಕೆ ಪಟ್ಟಿ ಮಾಡಿಕೊಟ್ಟವನು ನೀನೇ ಎಂದು. ಫೆಬ್ರವರಿಯ ಆ ದಿನ ಅಳೆದು ಮುಗಿಯುವ ಹೊತ್ತಿಗೆ ಬಿಸಿಲೇರಿತ್ತು, ಬೇರೆ ಕೆಲಸಕ್ಕೆ ವಿಮಾನ ಬೇಕೆಂದು ಅವಸರ ಮಾಡುತ್ತಿದ್ದರು, ಆಗಲೇ ಯಾರೋ ಸರಪಳಿ ಬಿಚ್ಚಿ ಯಂತ್ರವನ್ನು ಪೆಟ್ಟಿಗೆಗೆ ಹಾಕಿದ್ದರು. ಯಾವಾಗಲೂ ಸೊನ್ನೆಯೇ ಬರುತ್ತಿತ್ತು. ನೀನು ನೋಡದೆ ಎರಡನೆಯ ಕಾಲಮಿನಲ್ಲಿ ಸೊನ್ನೆ ಬರೆದೆ. ಅಪಘಾತವಾದ ಮೇಲೆ ಅದೇ ಯಂತ್ರವನ್ನು ಒಬ್ಬನೇ ಬಿಸಿಲಿಗಿಟ್ಟು ಪರೀಕ್ಷಿಸಿದಾಗ ಮುಳ್ಳು ಸೊನ್ನೆಗೆ ಇಳಿಯಲಿಲ್ಲ. ಅಂದರೆ ನೀನು ಅಳೆದ ಪ್ರತಿಯೊಂದು ಅಂಕಿಯೂ ಇರುವುದಕ್ಕಿಂತ ಹೆಚ್ಚು, ನಿನ್ನ ಪಟ್ಟಿಯನ್ನು ನಂಬಿ ಹೇರಿದ ಭಾರವೂ ಹೆಚ್ಚು. ವಿಚಾರಣೆ ನಡೆಸುವವರು ಪೈಲಟ್‌ನೇ ಲೆಕ್ಕ ಮೀರಿ ಹೇರಿಸಿರಬೇಕು ಅನ್ನುತ್ತಿದ್ದಾರೆ. ಬೆನ್ನುಮೂಳೆ ಮುರಿದು ಮಲಗಿರುವ ಅವನಿಗೆ ಇನ್ನೂ ಸರಿಯಾಗಿ ಮಾತಾಡಲಾಗುತ್ತಿಲ್ಲ. ನೀನು ಯಂತ್ರ ಪರೀಕ್ಷಿಸಿದ ಹಾಳೆ ನಿನ್ನ ಮೇಜಿನ ಡ್ರಾಯರಿನಲ್ಲಿದೆ, ಅದು ಇರುವುದು ನಿನಗೊಬ್ಬನಿಗೇ ಗೊತ್ತು. "ಏನು ಮಾಡಲಿ ಅಕ್ಕ, ಹೇಳು. ಅಪ್ಪನಿಗೆ ಮಾತ್ರ ತಿಳಿಯಬಾರದು." ಅಲ್ಲಿಗೆ ನಿಂತಿದೆ ನಿನ್ನ ಕಾಗದ. ರುಜು ಕೂಡ ಇಲ್ಲ.

ಈಗ ನನ್ನ ತಪ್ಪು ಹೇಳುತ್ತೇನೆ. ನಿನ್ನ ಕಾಗದ ನಿಂತ ಮೇಲೆ ಅಪ್ಪ ದಿನವೂ ಹನ್ನೊಂದು ಗಂಟೆಗೆ ಬಾಗಿಲಿಗೆ ಬಂದು ಪೋಸ್ಟ್‌ಮನ್ ಪೀರ್ ಅಹಮದರನ್ನು ಕಾಯತೊಡಗಿದರು. ಮೇ ತಿಂಗಳಲ್ಲಿ, ಕಣ್ಣಿಗೆ ಬಟ್ಟೆ ಕಟ್ಟಿದ್ದಾಗ, ಗೋಡೆ ಸವರಿಕೊಂಡು ಬಂದು ನಿಂತದ್ದನ್ನು ನೋಡಲಾಗಲಿಲ್ಲ. ನಿನ್ನ ಹಳೆಯ ಇನ್‌ಲ್ಯಾಂಡ್ ಒಂದನ್ನು ಕೈಯಲ್ಲಿ ಹಿಡಿದು, ಅದರಲ್ಲಿ ಇಲ್ಲದ್ದನ್ನು ಓದಿದೆ. ನಿನ್ನ ಹಾಗೆ ಕಾಗದ ಕಟ್ಟಿ ಹೇಳುವುದು ನನಗೆ ಕಷ್ಟವಾಗಲಿಲ್ಲ. ಅವ್ವ ಹೋದಾಗ ಏಳು ವರ್ಷದ ನಿನಗೆ ಅಕ್ಷರ ತಿದ್ದಿಸಿದವಳು ನಾನೇ ತಾನೆ. ಇಲ್ಲಿ ಚಳಿ ಬಿಟ್ಟಿದೆ, ಹೊಸ ಅಡುಗೆಯವನು ಚಪಾತಿಯನ್ನು ಅಪ್ಪಳದ ಹಾಗೆ ಸುಡುತ್ತಾನೆ, ಪುಟ್ಟಸ್ವಾಮಿಯ ಎತ್ತು ಹೇಗಿದೆ, ಹೀಗೆ. ಒಂದೂವರೆ ತಿಂಗಳಲ್ಲಿ ನಾಲ್ಕು ಕಾಗದ ಓದಿದೆ. ಪೀರ್ ಅಹಮದರನ್ನೂ ಪಾಲುದಾರರನ್ನಾಗಿ ಮಾಡಿಕೊಂಡೆ. "ಏನ್ ಸಾಬ್ರೇ, ನಮ್ ಹೈದುನ್ ಕಾಗ್ದ ಬಂತಾ?" ಎಂದು ಅಪ್ಪ ಕೇಳಿದರೆ ಅವರು ನನ್ನ ಕಡೆ ನೋಡಿ, "ಬಂತು ಅಜ್ಜ, ಮೇಡಮ್ ಕೈಗೇ ಕೊಟ್ಟಿದೀನಿ" ಅನ್ನುತ್ತಿದ್ದರು. ಮೂರನೆಯ ಸಲ ನನ್ನನ್ನು ಪಕ್ಕಕ್ಕೆ ಕರೆದು, "ಮೇಡಮ್, ಇಪ್ಪತ್ತೆರಡು ವರ್ಷದ ನೌಕರಿಯಲ್ಲಿ ಬಂದ ಕಾಗದ ಕೊಡದೇ ಇದ್ದವನಲ್ಲ ನಾನು. ಬಾರದ ಕಾಗದ ಕೊಟ್ಟೆ ಅನ್ನೋದು ಇದೇ ಮೊದಲು. ಇನ್ನು ನನ್ನ ಕೈಲಿ ಹೇಳಿಸ್ಬೇಡಿ, ಖುದಾ ನೋಡ್ತಾ ಇದಾನೆ" ಅಂದರು. ತಲೆ ತಗ್ಗಿಸಿಕೊಂಡು ಒಳಗೆ ಬಂದೆ. ಆದರೂ ನಾಲ್ಕನೆಯದನ್ನೂ ಓದಿದೆ.

ಸಿಕ್ಕಿಹಾಕಿಕೊಂಡದ್ದು ಮಾತ್ರ ಮೊದಲನೆಯದರಲ್ಲೇ. ಅದು ಗೊತ್ತಾಗಿದ್ದು ಮೊನ್ನೆ ಗುರುವಾರ ಬೆಳಿಗ್ಗೆ. ಅಪ್ಪ ಜಗಲಿಯ ಮೇಲೆ ಹಗ್ಗ ಹೊಸೆಯುತ್ತಿದ್ದರು, ನಾನು ಕಾಲೇಜಿಗೆ ಹೊರಟು ಚಪ್ಪಲಿ ಮೆಟ್ಟುತ್ತಿದ್ದೆ. ತಲೆಯೆತ್ತದೆ ಕೇಳಿದರು. "ಯಶೋದಾ, ಬ್ರೇಕ್ ಇಡ್ಕಂಡು ಎಂಗವ್ವ ಅಳೀತಾರೆ?" ನನಗೆ ಅರ್ಥವಾಗಲಿಲ್ಲ. "ಆವತ್ ಓದ್ದಲ್ಲ, ಬ್ರೇಕ್ ಬದ್ರವಾಗಿ ಇಡ್ಕಂಡು ಎಂಜಿನ್ನು ಪೂರ್ತಿ ಓಡ್ಸಿ ಅಳೆದ್ವಿ ಅಂತ. ಎತ್ತಿನ್ ಕಾಲ್ ಕಟ್ಟಾಕ್ಬುಟ್ಟು ಮಿಣಿ ಜಗ್ತದಾ ನೋಡು ಅಂದಂಗಾಯ್ತು. ನಮ್ ಹೈದ ಅಂಗ್ ಬರಿಯಾನಾ?" ಆ ಸಾಲು ನನಗೆ ನೆನಪೇ ಇರಲಿಲ್ಲ. ನಿನ್ನ ಕೆಲಸದ ಮಾತೂ ಒಂದಿಷ್ಟು ಇರಲಿ ಎಂದು ಬಾಯಿಗೆ ಬಂದದ್ದನ್ನು ಸೇರಿಸಿದ್ದೆ. ಎಂ.ಎ. ಓದಿದ ನನಗಿಂತ, ಹೆಬ್ಬೆಟ್ಟು ಒತ್ತುವ ಅಪ್ಪ ನಿನ್ನ ಪಾಠವನ್ನು ಸರಿಯಾಗಿ ಕೇಳಿಸಿಕೊಂಡಿದ್ದರು. ಗೊತ್ತಿದ್ದೂ ಮತ್ತೆ ಮೂರು ಸಲ ಓದಿಸಿದಿರಲ್ಲ ಅಪ್ಪ ಅಂದೆ. "ಕಣ್ ಕಟ್ಟಿದ್ರು, ಕಿವಿ ಕಟ್ಟಿರ್ಲಿಲ್ಲವ್ವ. ನೀನು ಓದ್ತಿದ್ರೆ ಅವ್ನು ಮಾತಾಡ್ದಂಗೇ ಇರ್ತಿತ್ತು, ಸುಮ್ಕೆ ಕೇಳ್ದೆ" ಅಂದರು. ನಾನು ಚಪ್ಪಲಿ ಬಿಟ್ಟು ಅಲ್ಲೇ ಕೂತೆ. ಕ್ಷಮಿಸು ನಾಗು, ನೀನು ಹೇಳಬೇಡ ಅಂದದ್ದನ್ನೆಲ್ಲ ಹೇಳಿಬಿಟ್ಟೆ. ಇನ್ನೊಂದು ಸುಳ್ಳು ಕಟ್ಟುವ ಶಕ್ತಿ ನನ್ನಲ್ಲಿರಲಿಲ್ಲ.

ಪೂರ್ತಿ ಕೇಳಿದರು. ಬೆಲ್ಲದ ತಕ್ಕಡಿಯ ನೆನಪು ಅವರು ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಹೊಸೆಯುತ್ತಿದ್ದ ಹಗ್ಗದ ತುದಿಯನ್ನು ಕಾಲ್ಬೆರಳಿನಿಂದ ಬಿಡಿಸಿ ಪಕ್ಕಕ್ಕಿಟ್ಟು, "ಆ ಪೈಲೇಟ್ ಹೈದಂಗೆ ಅಪ್ಪ ಅವ್ನಾ?" ಅಂದರು. ನನಗೆ ಗೊತ್ತಿಲ್ಲ ಅಂದೆ. ಅಷ್ಟೇ. ಅಂದಿನಿಂದ ಮುದ್ದೆ ಅರ್ಧಕ್ಕೆ ಬಿಟ್ಟು ಏಳುತ್ತಾರೆ. ನಿನ್ನೆ ಕುಳ್ಳಮ್ಮ ಬಂದು "ಏನ್ ಗೌಡ್ರೇ, ಕಣ್ ಬಂದ್ಮ್ಯಾಲೆ ಬಾಯ್ ಓಯ್ತಾ?" ಎಂದು ಕೆಣಕಿದಳು. ಅದಕ್ಕೂ ನಗಲಿಲ್ಲ.

ಏನು ಮಾಡಲಿ ಎಂದು ನೀನು ಕೇಳಿದ್ದಕ್ಕೆ ನಾನು ಉತ್ತರ ಬರೆಯದೆ ಇರಲಿಲ್ಲ. ಎರಡು ಸಲ ಬರೆದು ಹರಿದೆ. ಒಂದರಲ್ಲಿ ಹಾಳೆಯನ್ನು ಅವರ ಮುಂದಿಡು ಎಂದು ಬರೆದಿದ್ದೆ. ಓದಿಕೊಂಡರೆ ತರಗತಿಯಲ್ಲಿ ನಾನು ಹೇಳುವ ಪಾಠದ ಹಾಗಿತ್ತು. ನಿನ್ನ ನೌಕರಿ ಹೋಗಬಹುದು, ಇನ್ನೂ ಏನೇನೋ ಆಗಬಹುದು, ಅದನ್ನೆಲ್ಲ ಅನುಭವಿಸುವವನು ನೀನು. ಇಲ್ಲಿ ಕೂತು ಬರೆಯುವವಳಿಗೆ ಏನು ಹೋಗುತ್ತದೆ? ಇನ್ನೊಂದರಲ್ಲಿ ಏನಿತ್ತೆಂದು ಹೇಳಲು ನಾಚಿಕೆಯಾಗುತ್ತದೆ, ಆದರೆ ನಿನ್ನ ಹತ್ತಿರ ಮುಚ್ಚಿಡಲಾರೆ. ಅದನ್ನು ಸುಟ್ಟುಬಿಡು ಎಂದು ಬರೆದಿದ್ದೆ. ಮೊದಲು ಬರೆದದ್ದು ಅದನ್ನೇ. ನಿನ್ನ ಕಾಗದ ಓದಿದ ಆ ಗಳಿಗೆಯಲ್ಲಿ ನನಗೆ ಪೈಲಟ್ ಒಬ್ಬ ಮನುಷ್ಯನೆಂದು ಅನ್ನಿಸಲೇ ಇಲ್ಲ. ನಿನ್ನ ಮತ್ತು ನನ್ನ ನಡುವೆ ಅಡ್ಡ ನಿಂತ ಒಂದು ಪದವಾಗಿದ್ದ. ಅಪ್ಪ ಆ ಒಂದು ಪ್ರಶ್ನೆ ಕೇಳಿದ ಮೇಲೆ ಅವನಿಗೊಂದು ಮನೆ ಬಂದುಬಿಟ್ಟಿದೆ. ಆ ಮನೆಯ ಬಾಗಿಲಲ್ಲೂ ಒಬ್ಬರು ಪೋಸ್ಟ್‌ಮನ್ನನ್ನು ಕಾಯುತ್ತಿರುವಂತೆ ಕಾಣುತ್ತದೆ. ಆಸ್ಪತ್ರೆಯಿಂದ ಯಾರಾದರೂ ಅವರಿಗೆ ಸುಳ್ಳು ಕಾಗದ ಓದಿ ಹೇಳುತ್ತಿದ್ದಾರೋ ಏನೋ.

ನೀನು ಹಿಂದೊಮ್ಮೆ, ಎಂಜಿನ್ನಿನ ಥ್ರಸ್ಟ್ ಅನ್ನೋ ಬಲಕ್ಕೆ ಕನ್ನಡದಲ್ಲಿ ಏನಕ್ಕ ಅಂತ ಕೇಳಿದ್ದೆ. ನಾನು ನಿಘಂಟು ನೋಡಿ ನೂಕುಬಲ ಅಂದೆ. ಅಪ್ಪ ಒಪ್ಪಲಿಲ್ಲ. ಫ್ಯಾನು ಮುಂದಿದ್ದ ಮೇಲೆ ಅದು ಎಳೆಯುತ್ತದೆ, ನೂಕುವುದೆಲ್ಲಿ ಬಂತು ಅಂದರು. ಈಗ ಅನ್ನಿಸುತ್ತದೆ, ನಾನು ನಿನ್ನನ್ನು ಹಿಂದಿನಿಂದ ನೂಕಬಹುದೇ ಹೊರತು ಮುಂದೆ ನಿಂತು ಎಳೆಯಲಾರೆ. ನೂಕುವುದಕ್ಕೂ ಕೈ ಏಳುತ್ತಿಲ್ಲ. ಹತ್ತೊಂಬತ್ತನೆಯ ವಯಸ್ಸಿನಿಂದ ನಿನ್ನ ಜ್ವರ, ನಿನ್ನ ಪರೀಕ್ಷೆ, ನಿನ್ನ ಹರಿದ ಅಂಗಿ, ಎಲ್ಲಕ್ಕೂ ಏನಾದರೊಂದು ಮಾಡಿಕೊಂಡು ಬಂದೆ. ಮೈಸೂರಿನಲ್ಲಿ ಎಂ.ಎ. ಓದುವಾಗಲೂ ಸಂಜೆಯ ರೈಲು ತಪ್ಪಿದರೆ ನೀನು ಹಸಿದಿರುತ್ತೀಯ ಎಂದು ಅಳು ಬರುತ್ತಿತ್ತು. ಮೊದಲ ಸಲ ನಿನಗಾಗಿ ಮಾಡಲು ನನ್ನ ಹತ್ತಿರ ಏನೂ ಇಲ್ಲ. ಕವಿತೆ ಓದಲು ಕೂರುತ್ತೇನೆ. ಸಾಲಿನ ಕೊನೆಗೆ ಬರುವ ಹೊತ್ತಿಗೆ ಆರಂಭ ಮರೆತಿರುತ್ತದೆ. ಪುಸ್ತಕದ ಹಿಂದೆ ಬರೆದಿಟ್ಟ ನಿನ್ನ ಎರಡು ಸೊನ್ನೆಗಳು ಕಾಣುತ್ತವೆ, ಮುಚ್ಚಿಡುತ್ತೇನೆ.

ಆದ್ದರಿಂದ ಈ ಕಾಗದದಲ್ಲೂ ನಿನಗೆ ಉತ್ತರವಿಲ್ಲ. ಹೀಗೆ ಮಾಡು ಎಂದು ಬರೆಯುವ ಧೈರ್ಯ ಬರಲಿ ಎಂದು ಇಡೀ ಭಾನುವಾರ ಕಾದೆ, ಬರಲಿಲ್ಲ. ನೀನು ಏನೇ ಮಾಡಿದರೂ ಈ ಮನೆಯಲ್ಲಿ ನಿನ್ನ ತಟ್ಟೆ ನಿನ್ನದೇ. ಇಷ್ಟನ್ನು ಮಾತ್ರ ನಾನು ಖಂಡಿತವಾಗಿ ಬರೆಯಬಲ್ಲೆ. ಹಿಪ್ಪಲಿ ಪುಡಿಯನ್ನು ಜೇನಿನಲ್ಲಿ ಕಲಸಿಕೋ, ನೀರಿನಲ್ಲಲ್ಲ. ಕೊಡೆ ಹಿಡಿಯದೆ ಬಿಸಿಲಿನಲ್ಲಿ ಓಡಾಡಬೇಡ. ಪುಟ್ಟಸ್ವಾಮಿ, ಕುಳ್ಳಮ್ಮ ನಿನ್ನನ್ನು ನೆನೆದರೆಂದು ತಿಳಿ. ಅವ್ವ ಎಲ್ಲಿದ್ದರೂ ನಿನ್ನ ಬೆನ್ನ ಮೇಲೆ ಅವಳ ಕೈಯಿರಲಿ.

ನಿನ್ನ ಅಕ್ಕ,
ಯಶೋದಾ

ಮರೆತ ಮಾತು: ಸೋಮವಾರ ಬೆಳಿಗ್ಗೆ, ಅವಸರದಲ್ಲಿ ಬರೆಯುತ್ತಿದ್ದೇನೆ. ಪೀರ್ ಅಹಮದರು ಕೆಲಸಕ್ಕೆ ಹೋಗುವ ದಾರಿಯಲ್ಲಿ ಇದನ್ನು ಒಯ್ಯಲು ಬಾಗಿಲಲ್ಲಿ ಸೈಕಲ್ ನಿಲ್ಲಿಸಿದ್ದಾರೆ. ಲಕೋಟೆ ಅಂಟಿಸುವಾಗ ಅಪ್ಪ ಬಂದು ತಡೆದರು. ಶನಿವಾರವೇ ಪೀರ್ ಅಹಮದರಿಂದ ಒಂದು ಕಾರ್ಡು ತರಿಸಿಟ್ಟುಕೊಂಡಿದ್ದರಂತೆ, ನನಗೆ ಹೇಳಿರಲಿಲ್ಲ. ಅದರ ಮೇಲೆ ನಮ್ಮ ವಿಳಾಸ ಬರೆಯಿಸಿದರು. ತಮ್ಮಯ್ಯ ಅಂತ ಅವರ ಹೆಸರಿಗೇ, ನನ್ನ ಹೆಸರಿಗಲ್ಲ. ಕಾರ್ಡನ್ನು ಇದರೊಳಗೆ ಇಟ್ಟಿದ್ದೇನೆ. ಹಿಂಬದಿ ಖಾಲಿಯಿದೆ. ಅವರು ಹೇಳಿದ್ದನ್ನು ಹೇಳಿದ ಹಾಗೇ ಬರೆಯುತ್ತೇನೆ, ಒಂದಕ್ಷರವೂ ನನ್ನದಲ್ಲ: "ನೋಡ್ದೇ ಒಂದ್ ಸೊನ್ನೆ ಬರ್ದವ್ನೆ. ಆ ಹಾಳೆ ಅವ್ರ್ ಮುಂದಿಟ್ ಬಂದ್ಮ್ಯಾಲೆ, ಇದ್ರಲ್ಲಿ ಒಂದ್ ಸೊನ್ನೆ ಹಾಕಿ ಕಳ್ಸು ಅನ್ನು. ಬೇರೇನೂ ಬರಿಯದ್ ಬ್ಯಾಡ. ಅಷ್ಟುನ್ನ ನಾನೇ ಓದ್ಕತೀನಿ, ನೀನ್ ಓದ್ಬ್ಯಾಡ." ಈಗ ಹನ್ನೊಂದು ಗಂಟೆಯೂ ಆಗಿಲ್ಲ, ಆಗಲೇ ಬಾಗಿಲಿಗೆ ಹೋಗಿ ನಿಂತಿದ್ದಾರೆ.